ಯುದ್ಧಕಾಲದ ಬ್ರಿಟನ್ನಿನಲ್ಲಿ ಹೆಂಗಸರ ದುಡಿಮೆ: ‘ಯುದ್ಧವೇ ಅವರನ್ನು ಹೊಸ್ತಿಲು ದಾಟಿಸಿತು’ ಎನ್ನುವುದು ಎಷ್ಟು ಸರಿ?

ಶರಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ಕಳೆದ ವಾರ ತರಗತಿಯಲ್ಲಿ ಉತ್ತರ ಹೊಳೆಯದ ಪ್ರಶ್ನೆಯೊಂದು ಎದುರಾಯಿತು. ಎರಡು ಮಹಾಯುದ್ಧಗಳ ಪರಿಣಾಮಗಳನ್ನು ವಿವರಿಸುತ್ತ, ಗಂಡಸರು ರಣರಂಗಕ್ಕೆ ಹೋದದ್ದರಿಂದ ಬ್ರಿಟನ್ನಿನ ಹೆಂಗಸರು ಕಾರ್ಖಾನೆ, ಹೊಲ, ಬಸ್ಸು, ಕಚೇರಿಗಳಿಗೆ ಬಂದರೆಂದೂ, ಆ ಸೇವೆಯನ್ನು ಮೆಚ್ಚಿ 1918ರಲ್ಲಿ ಅವರಿಗೆ ಮತದಾನದ ಹಕ್ಕು ಕೊಡಲಾಯಿತೆಂದೂ, ನಾನು ವಿದ್ಯಾರ್ಥಿನಿಯಾಗಿದ್ದಾಗ ಕೇಳಿದ್ದ ಮಾತನ್ನೇ ನಾನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಹಾಗಾದರೆ ಹೆಂಗಸರ ಪಾಲಿಗೆ ಯುದ್ಧ ಒಳ್ಳೆಯದೇ ಆಯಿತಲ್ಲವೇ ಮೇಡಂ? ಯುದ್ಧ ಮುಗಿದ ಮೇಲೆ ಆ ಕೆಲಸಗಳು ಅವರಿಗೇ ಉಳಿದವೇ?” ಎಂದು ಕೇಳಿದಳು. ಉಳಿಯಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಏಕೆ ಉಳಿಯಲಿಲ್ಲ, ಕೂಲಿ ಎಷ್ಟಿತ್ತು, ಕಾರ್ಖಾನೆಗೆ ಹೋದವಳ ಮನೆಯ ಒಲೆಯನ್ನು ಯಾರು ಹೊತ್ತಿಸುತ್ತಿದ್ದರು ಎಂದು ಮುಂದಕ್ಕೆ ಹೋದರೆ ನನ್ನ ಬಳಿ ಸರಕಿರಲಿಲ್ಲ. “ಮುಂದಿನ ವಾರ ನೋಡೋಣ” ಎಂದು ಹೇಳಿ ಪಾರಾದೆ.

ನನ್ನ ಪ್ರಶ್ನೆಗಳು ಇಷ್ಟು. ಯುದ್ಧಕ್ಕೆ ಮೊದಲು ಈ ಹೆಂಗಸರು ನಿಜಕ್ಕೂ ಮನೆಯೊಳಗೇ ಇದ್ದರೇ? ಮತದಾನದ ಹಕ್ಕು ಅವರ ದುಡಿಮೆಗೆ ಸಂದ ಬಹುಮಾನವೆಂದು ಹೇಳಬಹುದೇ? ಎರಡನೆಯ ಯುದ್ಧದ ಕಾಲದಲ್ಲಿ ಸರ್ಕಾರ ಮಕ್ಕಳ ಪಾಲನೆ, ಅಡುಗೆ, ಅಂಗಡಿಯ ಸಾಲು ಇವುಗಳಿಗೆ ಏನು ವ್ಯವಸ್ಥೆ ಮಾಡಿತ್ತು? ನಮ್ಮ ಕಡೆಗೂ ಇದಕ್ಕೂ ನೇರವಾದ ಸಂಬಂಧವಿದ್ದರೆ ತಿಳಿಸಿ. ಎಳೆದು ತಂದ ಹೋಲಿಕೆಗಳು ಮಾತ್ರ ಬೇಡ.

ಹಳೇ ಕಡತ (ಉತ್ತರ)

ಮೇಡಂ, ನಿಮ್ಮ ಮೊದಲ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಅಲ್ಲಿಯೇ ಗಂಟು ಇದೆ. 1914ರ ಬ್ರಿಟನ್ನಿನಲ್ಲಿ ಲಕ್ಷಾಂತರ ಹೆಂಗಸರು ಆಗಲೇ ದುಡಿಯುತ್ತಿದ್ದರು. ಲ್ಯಾಂಕಷೈರ್‌ನ ಹತ್ತಿ ಗಿರಣಿಗಳು ಅವರಿಂದಲೇ ನಡೆಯುತ್ತಿದ್ದವು, ಮತ್ತು ಸುಮಾರು 16 ಲಕ್ಷ ಮಂದಿ ಉಳ್ಳವರ ಮನೆಗಳಲ್ಲಿ ಅಡುಗೆ, ಕಸ, ಬಟ್ಟೆ, ಒಲೆ ನೋಡಿಕೊಳ್ಳುವ ಆಳುಗಳಾಗಿದ್ದರು. ಯುದ್ಧದ ನಾಲ್ಕು ವರ್ಷಗಳಲ್ಲಿ ಈ ಮನೆಗೆಲಸದಿಂದ ಸುಮಾರು 4 ಲಕ್ಷ ಮಂದಿ ಬಿಡುಗಡೆ ಪಡೆದು ಬೇರೆ ಕೆಲಸಗಳಿಗೆ ಹೋದರು. ಅಂದರೆ ಇವರು ದಾಟಿದ್ದು ತಮ್ಮ ಮನೆಯ ಹೊಸ್ತಿಲನ್ನಲ್ಲ, ಒಡತಿಯ ಮನೆಯ ಹಿಂಬಾಗಿಲನ್ನು. ‘ಹೆಂಗಸರು ಹೊರಗೆ ಬಂದರು’ ಎಂಬ ವಾಕ್ಯದಲ್ಲಿ ಈ ಬಡ ಹುಡುಗಿಯರು ಲೆಕ್ಕಕ್ಕೇ ಸಿಗುವುದಿಲ್ಲ.

ಅವರು ಹೋಗಿ ಸೇರಿದ ಜಾಗಗಳಲ್ಲಿ ದೊಡ್ಡವು ಮದ್ದುಗುಂಡಿನ ಕಾರ್ಖಾನೆಗಳು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾದಲ್ಲಿ ಸುಮಾರು 14 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ್ದ ಸರ್ಕಾರಿ ಕಾರ್ಖಾನೆಯಲ್ಲಿ 1917ರ ಹೊತ್ತಿಗೆ 11 ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು. ತೋಪಿನ ಗುಂಡಿಗೆ ಬೇಕಾದ ಕಾರ್ಡೈಟ್ ಎಂಬ ಸಿಡಿಮದ್ದು ತಯಾರಿಸಲು ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್‌ಗಳನ್ನು ದೊಡ್ಡ ತೊಟ್ಟಿಗಳಲ್ಲಿ ಕೈಯಿಂದಲೇ ಹಿಟ್ಟು ನಾದಿದಂತೆ ಕಲಸುವುದು ಅಲ್ಲಿನ ಕೆಲಸವಾಗಿತ್ತು. ಅಲ್ಲಿಗೆ ಭೇಟಿ ಕೊಟ್ಟ, ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್ ಅದನ್ನು ‘ಸೈತಾನನ ಗಂಜಿ’ ಎಂದು ಕರೆದ. ಬೇರೆಡೆ ಗುಂಡಿನ ಕವಚಕ್ಕೆ ಟಿಎನ್‌ಟಿ ಎಂಬ ಸ್ಫೋಟಕ ತುಂಬುತ್ತಿದ್ದವರ ಚರ್ಮ, ಕೂದಲು ಅರಿಶಿನ ಬಣ್ಣಕ್ಕೆ ತಿರುಗುತ್ತಿದ್ದವು. ಜನ ಅವರನ್ನು ‘ಕ್ಯಾನರಿ’ ಹಕ್ಕಿಯ ಹೆಸರಿಟ್ಟು ಕರೆದರು. ಆದರೆ ಆ ಹಳದಿಯ ಹಿಂದೆ ಯಕೃತ್ತನ್ನು ಕೆಡಿಸುವ ವಿಷವಿತ್ತು, ಅದರಿಂದ ಸತ್ತವರೂ ಇದ್ದರು. ಹಾಲು ಕುಡಿದರೆ ವಿಷ ತಟ್ಟುವುದಿಲ್ಲವೆಂಬ ನಂಬಿಕೆಯಿಂದ ಲೀಡ್ಸ್ ಊರಿನ ಬಳಿಯ ಬಾರ್ನ್‌ಬೋ ಕಾರ್ಖಾನೆಯವರು ತಮ್ಮದೇ ಆದ ಹಸುಗಳ ಮಂದೆಯನ್ನು ಸಾಕಿಕೊಂಡಿದ್ದರು.

ಆ ಬಾರ್ನ್‌ಬೋ ಕಾರ್ಖಾನೆಯಲ್ಲಿ 1916ರ ಡಿಸೆಂಬರ್ 5ರ ರಾತ್ರಿ ಪಾಳಿ ಆರಂಭವಾದ ಸ್ವಲ್ಪ ಹೊತ್ತಿಗೆ ಸ್ಫೋಟವಾಗಿ 35 ಹೆಂಗಸರು ಸತ್ತರು. ಶತ್ರುವಿಗೆ ಸುಳಿವು ಸಿಗಬಾರದೆಂದು ಸುದ್ದಿಯನ್ನು ತಡೆಹಿಡಿಯಲಾಯಿತು. ಪತ್ರಿಕೆಗಳ ಮರಣವಾರ್ತೆಯ ಅಂಕಣದಲ್ಲಿ ‘ಅಪಘಾತದಲ್ಲಿ ಮಡಿದಳು’ ಎಂಬಷ್ಟೇ ಸಾಲುಗಳು ಬಂದವು; ನಡೆದದ್ದೇನೆಂಬುದು ಹೊರಗೆ ಬರಲು ಯುದ್ಧ ಮುಗಿಯಬೇಕಾಯಿತು. ಸೈನಿಕ ಸತ್ತರೆ ಊರಿನ ಸ್ಮಾರಕದಲ್ಲಿ ಹೆಸರು ಕೆತ್ತುವ ಪದ್ಧತಿ ಬೆಳೆದ ವರ್ಷಗಳಲ್ಲಿಯೇ ಇವರ ಸಾವು ಬಾಯಿಮುಚ್ಚಿ ನಡೆದುಹೋಯಿತು ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿ.

ಇನ್ನು ಮತದಾನ. 1918ರ ಕಾಯಿದೆ ಮತ ಕೊಟ್ಟದ್ದು 30 ವರ್ಷ ತುಂಬಿದ, ತಾನು ಅಥವಾ ತನ್ನ ಗಂಡ ನಿಗದಿತ ಮೌಲ್ಯದ ಮನೆ ಅಥವಾ ಜಾಗವನ್ನು ಹೊಂದಿದ ಹೆಂಗಸರಿಗೆ, ಜೊತೆಗೆ ಕೆಲವು ಪದವೀಧರೆಯರಿಗೆ. ಗಂಡಸರಿಗಾದರೋ 21 ವರ್ಷ ಸಾಕಿತ್ತು. ಕಾರ್ಖಾನೆಯ ಹುಡುಗಿಯರಲ್ಲಿ ಬಹುಪಾಲಿನವರು ಇಪ್ಪತ್ತರ ಆಸುಪಾಸಿನವರು. ಹೀಗಾಗಿ ‘ಸೇವೆಗೆ ಸಂದ ಬಹುಮಾನ’ ಎಂದು ನಾವು ಪಾಠ ಮಾಡುವ ಹಕ್ಕು, ಅತಿ ಹೆಚ್ಚು ಸೇವೆ ಸಲ್ಲಿಸಿದವರ ಕೈಗೇ ಬರಲಿಲ್ಲ. ಅವರು 1928ರವರೆಗೆ ಕಾಯಬೇಕಾಯಿತು. ಕೆಲಸದ ವಿಷಯದಲ್ಲಿ ಸರ್ಕಾರ ಕಾರ್ಮಿಕ ಸಂಘಗಳಿಗೆ ಮೊದಲೇ ಮಾತು ಕೊಟ್ಟಿತ್ತು: ಯುದ್ಧ ಮುಗಿದ ಮೇಲೆ ಹಳೆಯ ಪದ್ಧತಿಗೇ ಮರಳಬೇಕು, ಗಂಡಸರ ಕೆಲಸ ಗಂಡಸರಿಗೇ ಹೋಗಬೇಕು. 1919ರಲ್ಲಿ ಅದಕ್ಕೆಂದೇ ಕಾಯಿದೆ ಬಂತು. ಕೆಲಸ ಕಳೆದುಕೊಂಡವರಿಗೆ ಕೊಡುತ್ತಿದ್ದ ನಿರುದ್ಯೋಗ ಭತ್ಯೆಯನ್ನು, ಮನೆಗೆಲಸದ ಆಳಾಗಿ ಹೋಗಲು ಒಪ್ಪದ ಹೆಂಗಸರಿಗೆ ನಿಲ್ಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಬಿಟ್ಟು ಬಂದ ಹಿಂಬಾಗಿಲಿಗೇ ಅವರನ್ನು ತಿರುಗಿ ಕಳಿಸಿದರು.

ಮಿಡ್‌ಲ್ಯಾಂಡ್ಸ್ ಕನ್ನಡತಿ (ಉತ್ತರ)

ನಾನು ಹದಿನೆಂಟು ವರ್ಷಗಳಿಂದ ಇಂಗ್ಲೆಂಡಿನ ನಡುನಾಡಿನಲ್ಲಿದ್ದೇನೆ. ವಾರಕ್ಕೊಮ್ಮೆ ನಮ್ಮೂರಿನ ಸ್ಥಳೀಯ ಇತಿಹಾಸ ಸಂಗ್ರಹದಲ್ಲಿ ಹಳೆಯ ಕಾಗದಗಳನ್ನು ಜೋಡಿಸುವ ಕೆಲಸಕ್ಕೆ ಹೋಗುತ್ತೇನೆ. ಎರಡನೆಯ ಯುದ್ಧದ ಬಗೆಗಿನ ನಿಮ್ಮ ಪ್ರಶ್ನೆಗೆ ಅಲ್ಲಿ ಕಂಡದ್ದನ್ನು ನೆನೆದು ಉತ್ತರಿಸುತ್ತೇನೆ.

ಮೊದಲನೆಯ ಯುದ್ಧಕ್ಕೂ ಎರಡನೆಯದಕ್ಕೂ ಇರುವ ದೊಡ್ಡ ಅಂತರವೆಂದರೆ ಕಡ್ಡಾಯ. ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ 1941ರ ವಸಂತದಲ್ಲಿ ಹೆಂಗಸರ ಹೆಸರು ನೋಂದಾಯಿಸಲು ಆರಂಭಿಸಿದರು. ಅದೇ ಡಿಸೆಂಬರಿನಲ್ಲಿ ಬಂದ ಕಾಯಿದೆ, 20ರಿಂದ 30 ವರ್ಷದೊಳಗಿನ ಅವಿವಾಹಿತೆಯರನ್ನೂ ಮಕ್ಕಳಿಲ್ಲದ ವಿಧವೆಯರನ್ನೂ ಸೇವೆಗೆ ಕರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸೈನ್ಯದ ಸಹಾಯಕ ದಳಗಳು, ನಾಗರಿಕ ರಕ್ಷಣೆ ಅಥವಾ ಕಾರ್ಖಾನೆ, ಇವುಗಳಲ್ಲಿ ಆಯ್ಕೆ ಮಾಡಿಕೊಳ್ಳಬಹುದಿತ್ತು. 1943ರ ಹೊತ್ತಿಗೆ 70 ಲಕ್ಷಕ್ಕೂ ಹೆಚ್ಚು ಹೆಂಗಸರು ಇಂಥ ಕೆಲಸಗಳಲ್ಲಿದ್ದರು. ಮದುವೆಯಾದವರನ್ನು ಈ ಕಾಯಿದೆ ಸೇವೆಗೆ ಕರೆಯದಿದ್ದರೂ ಅವರಲ್ಲಿ ಲಕ್ಷಗಟ್ಟಲೆ ಮಂದಿ ಬಂದರು, ಮತ್ತು ನಿಮ್ಮ ‘ಒಲೆ ಹೊತ್ತಿಸಿದವರು ಯಾರು’ ಎಂಬ ಪ್ರಶ್ನೆ ಎದ್ದದ್ದು ಅವರಿಂದಲೇ.

ಊರಿನಲ್ಲಿದ್ದಾಗ ನಮ್ಮ ಅಜ್ಜಿ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಯ ಡಬ್ಬ ಇಟ್ಟು ಸಾಲು ಹಿಡಿಯುತ್ತಿದ್ದದ್ದನ್ನು ಕಂಡವಳು ನಾನು. ಆದ್ದರಿಂದಲೋ ಏನೋ, ಸಂಗ್ರಹದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ರೇಷನ್ ಪುಸ್ತಕಗಳ ಮೇಲೆ. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ, ಬೇಕನ್‌ಗಳಿಗೆ ಪಡಿತರ ಆರಂಭವಾಯಿತು; ಆಮೇಲೆ ಮಾಂಸ, ಚಹಾ, ಚೀಸ್ ಸೇರಿಕೊಂಡವು. ಚಹಾಪುಡಿ ಒಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ. ಇಂಥದೇ ಅಂಗಡಿಯಲ್ಲಿ ಕೊಳ್ಳಬೇಕೆಂದು ಹೆಸರು ನೋಂದಾಯಿಸಿರಬೇಕು. ಪಡಿತರದ ವಸ್ತುವೇನೋ ಸಿಕ್ಕೇ ಸಿಗುತ್ತಿತ್ತು. ಸಾಲು ಬೆಳೆಯುತ್ತಿದ್ದದ್ದು ಪಡಿತರಕ್ಕೆ ಸೇರದ ಮೀನು, ಈರುಳ್ಳಿ, ಹಣ್ಣುಗಳಿಗೆ. ಬಂದ ಸುದ್ದಿ ಕಿವಿಗೆ ಬಿದ್ದವಳು ಓಡಬೇಕು. ಬೆಳಗ್ಗೆ ಏಳಕ್ಕೆ ಕಾರ್ಖಾನೆಗೆ ಹೋಗಿ ಸಂಜೆ ಏಳಕ್ಕೆ ಹೊರಬರುವವಳಿಗೆ ಅಂಗಡಿಯ ಬಾಗಿಲೇ ತೆರೆದಿರುತ್ತಿರಲಿಲ್ಲ. ಹಾಗಾಗಿ ಅವಳು ವಾರದಲ್ಲಿ ಅರ್ಧ ದಿನ ಕೆಲಸ ತಪ್ಪಿಸುತ್ತಿದ್ದಳು, ಆಡಳಿತದವರು ಅದನ್ನು ‘ಗೈರುಹಾಜರಿ’ ಎಂದು ಬರೆದುಕೊಳ್ಳುತ್ತಿದ್ದರು. ಆ ಅರ್ಧ ದಿನ ಅವಳು ವಿಶ್ರಾಂತಿಗೆ ಹೋಗಿರಲಿಲ್ಲ. ಇನ್ನೊಂದು ಪಾಳಿಗೆ ಹೋಗಿದ್ದಳು.

ಬಟ್ಟೆಗೆ 1941ರ ಜೂನ್ 1ರಿಂದ ಕೂಪನ್ ಬಂತು. ಮೊದಲ ವರ್ಷಕ್ಕೆ ತಲೆಗೆ 66 ಕೂಪನ್. ಒಂದು ಉಣ್ಣೆಯ ಉಡುಪಿಗೇ 11 ಹೋಗುತ್ತಿದ್ದವು. ಹಳೆಯ ಕೋಟನ್ನು ಬಿಚ್ಚಿ ಮಗುವಿಗೆ ಚಡ್ಡಿ ಹೊಲಿಯುವುದು, ಸವೆದ ಹಾಸಿಗೆ ಬಟ್ಟೆಯನ್ನು ನಡುವೆ ಕತ್ತರಿಸಿ ಅಂಚುಗಳನ್ನು ಒಳಕ್ಕೆ ತಂದು ಜೋಡಿಸುವುದು, ಬಿಚ್ಚಿದ ಉಣ್ಣೆಯಿಂದ ಮತ್ತೆ ಹೆಣೆಯುವುದು, ಇವನ್ನೆಲ್ಲ ಸರ್ಕಾರ 1943ರಲ್ಲಿ ಕಿರುಹೊತ್ತಗೆ ಅಚ್ಚುಹಾಕಿಸಿ ಹೇಳಿಕೊಟ್ಟಿತು. ಕೌದಿ ಹೊಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಓದಿದರೆ ನಗು ಬಂದೀತು, ಅಲ್ಲಿನ ಬಡವರ ಮನೆಯ ಹೆಂಗಸರಿಗೂ ಬಂದಿರಲೇಬೇಕು. ಅವರು ಹುಟ್ಟಿದಂದಿನಿಂದ ಮಾಡುತ್ತಿದ್ದದ್ದೇ ಅದು.

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 1944ರ ಹೊತ್ತಿಗೆ ಸುಮಾರು 1,500 ಯುದ್ಧಕಾಲದ ಶಿಶುವಿಹಾರಗಳು ನಡೆಯುತ್ತಿದ್ದವು. ಅಗ್ಗದಲ್ಲಿ ಬಿಸಿಯೂಟ ಕೊಡುವ ‘ಬ್ರಿಟಿಷ್ ರೆಸ್ಟೋರೆಂಟ್’ಗಳು 2,000 ದಾಟಿದವು. ಆದರೆ ಮಕ್ಕಳಲ್ಲಿ ಹೆಚ್ಚಿನವರನ್ನು ನೋಡಿಕೊಂಡದ್ದು ಅಜ್ಜಿಯರು, ಅಕ್ಕಪಕ್ಕದವರು. ಯುದ್ಧ ಮುಗಿಯುತ್ತಿದ್ದಂತೆ ಕೇಂದ್ರದ ಅನುದಾನ ಇಳಿದು, ಶಿಶುವಿಹಾರಗಳಲ್ಲಿ ಬಹಳಷ್ಟು ಮುಚ್ಚಿದವು. ಪಡಿತರ ಮಾತ್ರ ಮುಗಿಯಲಿಲ್ಲ. ಯುದ್ಧದುದ್ದಕ್ಕೂ ಪಡಿತರಕ್ಕೆ ಒಳಪಡದಿದ್ದ ಬ್ರೆಡ್ಡಿಗೂ 1946ರಲ್ಲಿ ಪಡಿತರ ಬಂತು, ಕೊನೆಯ ನಿರ್ಬಂಧ ತೆಗೆದದ್ದು 1954ರ ಜುಲೈನಲ್ಲಿ. ಗಂಡಸರ ಯುದ್ಧ 1945ಕ್ಕೆ ನಿಂತಿತು, ಅಂಗಡಿಯ ಸಾಲಿನ ಯುದ್ಧ ಇನ್ನೂ ಒಂಬತ್ತು ವರ್ಷ ನಡೆಯಿತು.

ಸಂಬಳವೇ ಇಲ್ಲದ ದುಡಿಮೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. 1938ರಲ್ಲಿ ಸ್ಥಾಪನೆಯಾದ ಮಹಿಳಾ ಸ್ವಯಂಸೇವಾ ಸಂಸ್ಥೆಯಲ್ಲಿ ಯುದ್ಧದ ನಡುವಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಸದಸ್ಯೆಯರಿದ್ದರು. 1939ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ನಗರಗಳಿಂದ ಹಳ್ಳಿಗಳಿಗೆ ಸುಮಾರು 15 ಲಕ್ಷ ಮಕ್ಕಳು, ತಾಯಂದಿರನ್ನು ಸಾಗಿಸಿದಾಗ ಅವರನ್ನು ಮನೆಮನೆಗೆ ಹಂಚಿದವರು, ಬಾಂಬ್ ಬಿದ್ದ ಬೀದಿಯಲ್ಲಿ ಚಹಾ ಕಾಯಿಸಿದವರು, ಸೈನ್ಯಕ್ಕೆ ಮರೆಬಲೆ ಹೆಣೆದವರು ಇವರೇ. ಇದನ್ನು ಕಟ್ಟಿದ ಲೇಡಿ ರೀಡಿಂಗ್, 1925ರಲ್ಲಿ ದೆಹಲಿಗೆ ಬಂದು ವೈಸ್‌ರಾಯ್ ಪತ್ನಿಯ ಕಚೇರಿಯಲ್ಲಿ ದುಡಿದಾಕೆ. ಆ ವೈಸ್‌ರಾಯ್ ಲಾರ್ಡ್ ರೀಡಿಂಗ್, ಪತ್ನಿ ತೀರಿಕೊಂಡ ಮೇಲೆ 1931ರಲ್ಲಿ ಈಕೆಯನ್ನು ಮದುವೆಯಾದ. ನೀವು ಕೇಳಿದ ‘ನೇರ ಸಂಬಂಧ’ ಇದಲ್ಲವೆಂದು ಗೊತ್ತು, ಆದರೂ ಹೇಳದೆ ಇರಲಾಗಲಿಲ್ಲ.

ಶರಾವತಿ ತೀರ

ಇಬ್ಬರಿಗೂ ಕೃತಜ್ಞತೆಗಳು. ಗೈರುಹಾಜರಿಯ ಮಾತನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪರೀಕ್ಷೆಯ ಮೌಲ್ಯಮಾಪನದ ದಿನಗಳಲ್ಲಿ ನನ್ನ ಸ್ಥಿತಿಯೂ ಅದೇ. ಕೂಲಿಯ ವಿಷಯ ಮಾತ್ರ ಇನ್ನೂ ಉಳಿದಿದೆ. ಒಂದೇ ಯಂತ್ರದ ಮುಂದೆ ನಿಂತು ಒಂದೇ ಕೆಲಸ ಮಾಡಿದಾಗ ಕಡಿಮೆ ಕೊಟ್ಟದ್ದಕ್ಕೆ ಸರ್ಕಾರವಾಗಲಿ ಮಾಲೀಕರಾಗಲಿ ಏನು ಕಾರಣ ಹೇಳಿದರು, ಮತ್ತು ಹೆಂಗಸರು ಅದನ್ನು ಸುಮ್ಮನೆ ಒಪ್ಪಿಕೊಂಡರೇ?

ಕಾರ್ಮಿಕ ಕಾನೂನಿನ ಗುಮಾಸ್ತ (ಉತ್ತರ)

ಒಪ್ಪಿಕೊಳ್ಳಲಿಲ್ಲ. 1918ರ ಆಗಸ್ಟ್ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಲಂಡನ್ನಿನ ವಿಲ್ಸ್‌ಡನ್ ಡಿಪೋದ ಬಸ್ ಕಂಡಕ್ಟರ್ ಹೆಂಗಸರು ಕೆಲಸ ನಿಲ್ಲಿಸಿದರು. ಗಂಡಸರಿಗೆ ವಾರಕ್ಕೆ 5 ಶಿಲಿಂಗಿನ ಯುದ್ಧಭತ್ಯೆ ಕೊಟ್ಟು ತಮಗೆ ಕೊಡಲಿಲ್ಲವೆಂಬುದು ಅವರ ದೂರು. ಮುಷ್ಕರ ಬೇರೆ ಊರುಗಳಿಗೂ ಹರಡಿತು, ಗಂಡಸರಲ್ಲಿ ಹಲವರು ಜೊತೆಗೂಡಿದರು, ಭತ್ಯೆ ಸಿಕ್ಕಿತು. ಈ ಗಲಾಟೆಯ ಬೆನ್ನಲ್ಲೇ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಸಮಾಜ ಸುಧಾರಕಿ ಬಿಯಾಟ್ರಿಸ್ ವೆಬ್ ಬೇರೆಯದೇ ವರದಿ ಬರೆದು, ಕೂಲಿಯನ್ನು ಕೆಲಸಕ್ಕೆ ನಿಗದಿ ಮಾಡಬೇಕು, ಮಾಡುವವರ ಲಿಂಗಕ್ಕಲ್ಲ ಎಂದು ವಾದಿಸಿದರು.

ಎರಡನೆಯ ಯುದ್ಧದಲ್ಲಿ 1940ರ ಒಪ್ಪಂದವೊಂದು, ಗಂಡಸಿನ ಕೆಲಸವನ್ನು ಹೆಂಗಸು 32 ವಾರ ಮಾಡಿ, ಹೆಚ್ಚುವರಿ ಮೇಲ್ವಿಚಾರಣೆಯಾಗಲಿ ಸಹಾಯವಾಗಲಿ ಇಲ್ಲದೆ ನಿಭಾಯಿಸಿದರೆ ಪೂರ್ಣ ಕೂಲಿ ಕೊಡಬೇಕೆಂದು ಹೇಳಿತು. ನಮ್ಮ ಕಚೇರಿಗಳಲ್ಲಿ ಷರತ್ತಿನ ಒಂದೇ ಒಂದು ಪದದಿಂದ ಇಡೀ ಸೌಲಭ್ಯವೇ ಹೇಗೆ ಕರಗಿಹೋಗುತ್ತದೆ ಎಂದು ಬಲ್ಲವರಿಗೆ ಮುಂದಿನದು ಊಹೆಗೆ ಸಿಗುತ್ತದೆ. ಯಂತ್ರವನ್ನು ಹೊಂದಿಸಿಕೊಡಲು ಒಬ್ಬ ಗಂಡಸು ದಿನಕ್ಕೊಮ್ಮೆ ಬಂದು ಹೋದರೂ ಅದು ‘ಸಹಾಯ’ವಾಯಿತು, ಇಲ್ಲವೇ ಆ ಕೆಲಸ ಮೊದಲಿನಿಂದಲೂ ‘ಹೆಂಗಸರ ಕೆಲಸ’ವೇ ಎಂದು ಪಟ್ಟಿ ತಿದ್ದಲಾಯಿತು. ಫಲವಾಗಿ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಹೆಂಗಸರ ಸರಾಸರಿ ವಾರದ ಗಳಿಕೆ ಗಂಡಸರದರ ಅರ್ಧದ ಆಸುಪಾಸಿನಲ್ಲೇ ನಿಂತಿತು. 1943ರ ಶರತ್ಕಾಲದಲ್ಲಿ ಗ್ಲಾಸ್ಗೋ ಬಳಿಯ ಹಿಲ್ಲಿಂಗ್ಟನ್‌ನಲ್ಲಿದ್ದ ರೋಲ್ಸ್‌ರಾಯ್ಸ್ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಇದೇ ವಿಷಯಕ್ಕೆ ಸಾವಿರಾರು ಹೆಂಗಸರೂ ಗಂಡಸರೂ ಹೊರಬಂದರು. ಕೊನೆಗೆ ಆದ ಇತ್ಯರ್ಥದಲ್ಲಿ ಪ್ರತಿ ಯಂತ್ರಕ್ಕೂ ದರ ಗೊತ್ತುಮಾಡಲಾಯಿತು. ಅದರ ಮುಂದೆ ನಿಂತವರು ಯಾರೆಂಬುದು ದರಕ್ಕೆ ಸಂಬಂಧಿಸದಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಯುದ್ಧಕಾಲದ ಅತ್ಯಂತ ಚೊಕ್ಕ ಪರಿಹಾರ ಇದು, ಆದರೆ ಒಂದು ಕಾರ್ಖಾನೆಗೆ ಸೀಮಿತವಾದದ್ದು.

ಬಾಂಬ್ ದಾಳಿಯಲ್ಲಿ ಗಾಯಗೊಂಡವರ ಪರಿಹಾರದಲ್ಲಿಯೂ ಭೇದವಿತ್ತು. ಕಾಲು ಕಳೆದುಕೊಂಡ ಅವಿವಾಹಿತ ಹೆಂಗಸಿಗೆ ಅದೇ ಸ್ಥಿತಿಯ ಗಂಡಸಿಗಿಂತ ವಾರಕ್ಕೆ 7 ಶಿಲಿಂಗ್ ಕಡಿಮೆ. ಬಾಂಬಿಗಿಲ್ಲದ ಭೇದ ಖಜಾನೆಗಿತ್ತು. ಸಂಸದೆ ಮೇವಿಸ್ ಟೇಟ್ ಮುಂತಾದವರು ಹೋರಾಡಿ 1943ರಲ್ಲಿ ಇದನ್ನು ಸರಿಪಡಿಸಿದರು. ಮರುವರ್ಷ ಶಿಕ್ಷಕಿಯರ ಸರದಿ ಬಂತು, ಇದು ನಿಮ್ಮ ವೃತ್ತಿಯ ಮಾತು ಮೇಡಂ. 1944ರ ಮಾರ್ಚ್ 28ರಂದು ಶಿಕ್ಷಣ ಮಸೂದೆಗೆ ಸಂಸದೆ ಥೆಲ್ಮಾ ಕ್ಯಾಝಲೆಟ್‌ಕೀರ್ ತಂದ ಸಮಾನ ವೇತನದ ತಿದ್ದುಪಡಿ 117ಕ್ಕೆ 116 ಮತಗಳಿಂದ, ಅಂದರೆ ಒಂದೇ ಮತದಿಂದ, ಗೆದ್ದಿತು. ಚರ್ಚಿಲ್ ಅದನ್ನು ತಮ್ಮ ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆಯನ್ನಾಗಿ ಮಾಡಿ ಎರಡೇ ದಿನಗಳಲ್ಲಿ ಮತ್ತೆ ಮತಕ್ಕೆ ಹಾಕಿಸಿದರು, ತಿದ್ದುಪಡಿ ಬಿದ್ದುಹೋಯಿತು. ಅಲ್ಲಿನ ಶಿಕ್ಷಕಿಯರಿಗೆ ಪೂರ್ಣ ಸಮಾನ ವೇತನ ದಕ್ಕಿದ್ದು 1961ರಲ್ಲಿ.

ಇನ್ನು ನೀವು ಕೇಳಿದ ನೇರ ಸಂಬಂಧ. ಬ್ರಿಟನ್ನಿನಲ್ಲಿ ಹೆಂಗಸರು ಗಣಿಯ ಒಳಗೆ ಇಳಿದು ದುಡಿಯುವುದನ್ನು 1842ರ ಕಾಯಿದೆಯೇ ನಿಷೇಧಿಸಿತ್ತು. 1943ರಲ್ಲಿ ಕಲ್ಲಿದ್ದಲಿನ ಅಭಾವ ತೀವ್ರವಾದಾಗ, ಅಷ್ಟೆಲ್ಲ ಕೆಲಸಗಳಿಗೆ ಹೆಂಗಸರನ್ನು ಕರೆದಿದ್ದ ಅದೇ ಬೆವಿನ್, ಗಣಿಗೆ ಮಾತ್ರ ಅವರನ್ನು ಕಳಿಸುವ ಯೋಚನೆಯನ್ನೇ ಮಾಡಲಿಲ್ಲ. ಸೈನ್ಯಕ್ಕೆ ಕರೆಬಂದ ಹುಡುಗರಲ್ಲಿ ಹತ್ತಕ್ಕೊಬ್ಬರನ್ನು ಚೀಟಿ ಎತ್ತಿ ಗಣಿಗೆ ಇಳಿಸಿದರು. ಅವರನ್ನು ‘ಬೆವಿನ್ ಹುಡುಗರು’ ಎಂದೇ ಕರೆಯುತ್ತಾರೆ. ಅದೇ 1943ರಲ್ಲಿ, ಅದೇ ಸಾಮ್ರಾಜ್ಯದ ಭಾರತದಲ್ಲಿ, ಬಿಹಾರ, ಬಂಗಾಳ ಮತ್ತು ಮಧ್ಯಪ್ರಾಂತದ ಕಲ್ಲಿದ್ದಲು ಗಣಿಗಳಲ್ಲಿ ಹೆಂಗಸರ ಒಳಗೆಲಸಕ್ಕೆ ಇದ್ದ ನಿಷೇಧವನ್ನು ಸರ್ಕಾರ ತೆಗೆದುಹಾಕಿತು. ಹತ್ತಾರು ವರ್ಷಗಳಿಂದ ಝರಿಯಾ, ರಾಣಿಗಂಜ್‌ಗಳಲ್ಲಿ ಗಂಡ ಕಲ್ಲಿದ್ದಲು ಕಡಿದರೆ ಹೆಂಡತಿ ಅದನ್ನು ಬುಟ್ಟಿಯಲ್ಲಿ ಹೊತ್ತು ತಳ್ಳುಬಂಡಿಗೆ ತುಂಬುವುದು ರೂಢಿಯಾಗಿತ್ತು. ಅದನ್ನು ಹಂತಹಂತವಾಗಿ ತಗ್ಗಿಸಿ 1937ರ ಹೊತ್ತಿಗೆ ಪೂರ್ತಿ ನಿಲ್ಲಿಸಲಾಗಿತ್ತು. ಯುದ್ಧ ಬಂದಾಗ ಗಣಿಯ ಆಳುಗಳು ಹೆಚ್ಚು ಕೂಲಿ ಸಿಗುವ ಸೈನ್ಯದ ಕಟ್ಟಡ, ವಿಮಾನ ನಿಲ್ದಾಣದ ಕೆಲಸಗಳಿಗೆ ಹೊರಟುಹೋದರು, ಆ ತೆರವನ್ನು ತುಂಬಲು ಹೆಂಗಸರನ್ನು ಮತ್ತೆ ಕೆಳಗಿಳಿಸಿದರು.

ಆಗ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಡಾ. ಬಿ. ಆರ್. ಅಂಬೇಡ್ಕರ್. 1944ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಈ ಕ್ರಮವನ್ನು ಖಂಡಿಸಿದ ಚರ್ಚೆಗೆ ಉತ್ತರಿಸುತ್ತ, ಇದು ತುರ್ತಿನ ತಾತ್ಕಾಲಿಕ ಕ್ರಮವೆಂದೂ, ಹೆಂಗಸಿಗೂ ಗಂಡಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಷರತ್ತನ್ನು ಇದರೊಡನೆ ಸೇರಿಸಲಾಗಿದೆಯೆಂದೂ ಅವರು ಸಮರ್ಥಿಸಿಕೊಂಡರು. 1946ರ ಫೆಬ್ರವರಿಯಲ್ಲಿ ನಿಷೇಧ ಮತ್ತೆ ಜಾರಿಗೆ ಬಂತು. ಬಾಬಾಸಾಹೇಬರ ಸ್ಥಿತಿ ಇಕ್ಕಟ್ಟಿನದಾಗಿತ್ತೆಂದು ನನಗನ್ನಿಸುತ್ತದೆ. ಕ್ರಮವನ್ನು ಒಪ್ಪದವರೂ ಆ ಸಮಾನ ಕೂಲಿಯ ಷರತ್ತನ್ನು ಗಮನಿಸಬೇಕು, ಏಕೆಂದರೆ ಮರುತಿಂಗಳಲ್ಲೇ ಚರ್ಚಿಲ್ ಲಂಡನ್ನಿನಲ್ಲಿ ಶಿಕ್ಷಕಿಯರಿಗೆ ನಿರಾಕರಿಸಿದ್ದು ಅದನ್ನೇ.

ಗೂಡಿನ ಸಂತೆ (ಉತ್ತರ)

ಮೇಲಿನ ಉತ್ತರಗಳಿಂದ ಬಹಳ ಕಲಿತೆ. ಒಂದು ತಕರಾರು ಮಾತ್ರ ಇದೆ. ಹೀಗೆಯೇ ಹೇಳುತ್ತ ಹೋದರೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಆ ಹೆಂಗಸರು ಬರೀ ಮೋಸಹೋದವರಾಗಿ ಉಳಿಯುತ್ತಾರೆ. ಅವರಲ್ಲಿ ಅನೇಕರು ತಮ್ಮ ಬದುಕಿನ ಒಳ್ಳೆಯ ವರ್ಷಗಳೆಂದು ನೆನೆದದ್ದೂ ಆ ದಿನಗಳನ್ನೇ. ಹೊಲಗಳಲ್ಲಿ ದುಡಿಯುವುದಕ್ಕೆಂದಿದ್ದ ಮಹಿಳಾ ಭೂಸೇನೆಯನ್ನು ನೋಡಿ. 1939ರಲ್ಲಿ ಮತ್ತೆ ಕಟ್ಟಿದ ಈ ದಳದಲ್ಲಿ ಉಚ್ಛ್ರಾಯದ ಕಾಲಕ್ಕೆ 80 ಸಾವಿರಕ್ಕೂ ಹೆಚ್ಚು ಹುಡುಗಿಯರಿದ್ದರು, ಅವರಲ್ಲಿ ಹಸುವಿನ ಕೆಚ್ಚಲನ್ನೇ ಮುಟ್ಟಿರದ ನಗರದವರು ಎಷ್ಟೋ ಮಂದಿ. ಹಾಲು ಕರೆಯುವುದು, ಟ್ರಾಕ್ಟರ್ ಹೊಡೆಯುವುದು, ಇಲಿ ಹಿಡಿಯುವುದು, ಎಲ್ಲವನ್ನೂ ಕಲಿತರು. 1942ರಲ್ಲಿ ಬೇರೆಯಾದ ಮರದ ದಳದವರು ಕಾಡಿನಲ್ಲಿ ಕೊಡಲಿ ಹಿಡಿದರು. ಆರಂಭದ ಕೂಲಿ ವಾರಕ್ಕೆ 28 ಶಿಲಿಂಗ್, ಗಂಡಾಳಿಗೆ ಅದಕ್ಕಿಂತ ಸುಮಾರು 10 ಹೆಚ್ಚು. ಅದೂ ನಿಜ, ಮೊಣಕಾಲಿನ ಚಲ್ಲಣ ತೊಟ್ಟು ಹಳ್ಳಿಯ ಬೀದಿಯಲ್ಲಿ ಹೆದರದೆ ನಡೆದ ಸಂತೋಷವೂ ನಿಜ. ಯುದ್ಧಾನಂತರದ ಸವಲತ್ತುಗಳಿಂದ ಭೂಸೇನೆಯನ್ನು ಹೊರಗಿಟ್ಟಾಗ ಅದರ ಮುಖ್ಯಸ್ಥೆ ಲೇಡಿ ಡೆನ್ಮನ್ 1945ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ಬದುಕಿದ್ದವರಿಗೆ ಸರ್ಕಾರ ಬಿಲ್ಲೆ ಕೊಟ್ಟು ಗೌರವಿಸಿದ್ದು 2008ರಲ್ಲಿ.

‘ಹಳೇ ಕಡತ’ ಸರ್ ಅವರು ಮತದಾನದ ಬಗ್ಗೆ ಬರೆದದ್ದಕ್ಕೂ ಒಂದು ಸೇರ್ಪಡೆ. ಬಹುಮಾನವೆಂಬ ಮಾತು ತಪ್ಪು, ಒಪ್ಪುತ್ತೇನೆ. ಆದರೆ ಯುದ್ಧಕ್ಕೂ ಮತಕ್ಕೂ ಸಂಬಂಧವೇ ಇಲ್ಲವೆಂದರೂ ತಪ್ಪಾಗುತ್ತದೆ. ದೂರ ಹೋಗಿದ್ದ ಸೈನಿಕರು ವಾಸದ ನಿಯಮದಿಂದಾಗಿ ಮತ ಕಳೆದುಕೊಳ್ಳುವಂತಾದದ್ದರಿಂದಲೇ ಮತದಾರರ ಪಟ್ಟಿಯ ನಿಯಮಗಳನ್ನು ತಿದ್ದಲು ಸರ್ಕಾರ ಕೈಹಾಕಿತು, ಆ ತೆರೆದ ಬಾಗಿಲಿನಲ್ಲಿ ಹೆಂಗಸರ ಚಳವಳಿಗಾರರು ಕಾಲಿಟ್ಟರು. ಅದಕ್ಕೆ ಹಿಂದಿನ ಅರ್ಧ ಶತಮಾನದ ಅವರ ಹೋರಾಟವಿಲ್ಲದಿದ್ದರೆ ಆ ಬಾಗಿಲಿನ ಮುಂದೆ ಯಾರೂ ನಿಂತಿರುತ್ತಿರಲಿಲ್ಲ.

ನಮ್ಮ ಕಡೆಯ ನೇರ ಸಂಬಂಧ ಇನ್ನೊಂದಿದೆ. ಜಪಾನ್ 1941ರ ಡಿಸೆಂಬರಿನಲ್ಲಿ ಯುದ್ಧಕ್ಕಿಳಿದ ಮೇಲೆ ಅಲ್ಲಿನ ರೇಷ್ಮೆ ನಿಂತುಹೋಗಿ, ಪ್ಯಾರಾಶೂಟ್ ಬಟ್ಟೆಗಾಗಿ ಮೈಸೂರು ಸೀಮೆಯ ರೇಷ್ಮೆಗೆ ಬೇಡಿಕೆ ಏರಿತು, ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಗಳಾದ ಫಿಲೇಚರ್‌ಗಳು ಬೆಳೆದವು. ನಮ್ಮದು ಗೂಡಿನ ಮಾರುಕಟ್ಟೆಯ ಊರು; ನೂಲು ಬಿಚ್ಚಾಣಿಕೆಯಲ್ಲಿ ಕುದಿಯುವ ನೀರಿನಿಂದ ಗೂಡಿನ ಎಳೆ ಹಿಡಿದೆತ್ತುವ ಹೆಂಗಸರ ಬೆರಳುಗಳು ಹೇಗಿರುತ್ತವೆಂದು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ದೊಡ್ಡಮ್ಮ ಹೇಳುತ್ತಿದ್ದಂತೆ, ಯುದ್ಧ ಮುಗಿದ ಮೇಲೆ ದರ ಇಳಿದಾಗ ಮೊದಲು ಕೆಲಸ ಹೋದದ್ದು ಬೋಗುಣಿಯ ಮುಂದೆ ಕುಳಿತವರಿಗೆ. ಆಕೆಯ ಅತ್ತೆ ತಾವು ಬಿಚ್ಚಿದ ನೂಲು ಯಾವ ಆಕಾಶದಲ್ಲಿ ಹಾರಿತೆಂದು ತಿಳಿಯದೆಯೇ ತೀರಿಕೊಂಡರು.

ಶರಾವತಿ ತೀರ

ಎಲ್ಲರಿಗೂ ಮತ್ತೊಮ್ಮೆ ಕೃತಜ್ಞತೆಗಳು. ನಿನ್ನೆ ತರಗತಿಯಲ್ಲಿ ಹಳೆಯ ಟಿಪ್ಪಣಿಯನ್ನು ಬದಿಗಿಟ್ಟು, ಕಪ್ಪುಹಲಗೆಯ ಮೇಲೆ ‘1943’ ಎಂದಷ್ಟೇ ಬರೆದೆ. ಒಂದು ಬದಿಯಲ್ಲಿ ಹಿಲ್ಲಿಂಗ್ಟನ್ ಮುಷ್ಕರ, ಇನ್ನೊಂದು ಬದಿಯಲ್ಲಿ ಝರಿಯಾದ ಗಣಿ, ನಡುವೆ ಚೀಟಿ ಎತ್ತಿಸಿಕೊಂಡ ಬೆವಿನ್ ಹುಡುಗರು. ಪ್ರಶ್ನೆ ಕೇಳಿದ್ದ ಹುಡುಗಿಯನ್ನೇ ಎಬ್ಬಿಸಿ, ಈಗ ಏನನ್ನಿಸುತ್ತದೆ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಯಾವ ಹೆಂಗಸು ಎಂದು ಮೊದಲು ಕೇಳಬೇಕು ಮೇಡಂ” ಎಂದಳು. ನಂತರ ಗಲಾಟೆಯೆದ್ದದ್ದು ಅಂಬೇಡ್ಕರ್ ಅವರ ನಿಲುವಿನ ಬಗ್ಗೆ. ಗಂಟೆ ಹೊಡೆದರೂ ಮುಗಿಯಲಿಲ್ಲ, ಅರ್ಧ ತರಗತಿ ಒಂದು ಕಡೆ, ಅರ್ಧ ಇನ್ನೊಂದು ಕಡೆ.

‘ಗೂಡಿನ ಸಂತೆ’ ಅವರೇ, ನಮ್ಮ ವಿದ್ಯಾರ್ಥಿಗಳಲ್ಲಿ ಇಬ್ಬರ ಅಜ್ಜಿಯರು ಫಿಲೇಚರಿನಲ್ಲಿ ದುಡಿದವರೆಂದು ನಿನ್ನೆಯೇ ಗೊತ್ತಾಯಿತು. ಅವರ ಮಾತನ್ನು ಮಕ್ಕಳು ಮೊಬೈಲಿನಲ್ಲಿ ದಾಖಲಿಸಿಕೊಳ್ಳಲು ಹೊರಟಿದ್ದಾರೆ. ಆ ಅಜ್ಜಿಯರಿಗೆ ತಮ್ಮ ತಾಯಂದಿರ ಕಾಲದ ನೆನಪು ಎಷ್ಟಿದೆಯೋ ನೋಡಬೇಕು. ಬೋಗುಣಿ, ಚರಕ, ಕೂಲಿಯ ಲೆಕ್ಕ ಇವುಗಳ ಬಗ್ಗೆ ಏನೇನು ಕೇಳಬೇಕೆಂದು ತಾವು ಒಂದು ಹತ್ತು ಪ್ರಶ್ನೆ ಬರೆದುಕೊಟ್ಟರೆ ಉಪಕಾರವಾಗುತ್ತದೆ.

ಗೂಡಿನ ಸಂತೆ

ಭಾನುವಾರದೊಳಗೆ ಬರೆದು ಹಾಕುತ್ತೇನೆ ಮೇಡಂ. ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡುತ್ತಿದ್ದರೋ ತೆಗೆದ ನೂಲಿನ ತೂಕದ ಲೆಕ್ಕದಲ್ಲೋ, ಮತ್ತು ಆ ತೂಕ ಹಾಕುತ್ತಿದ್ದವರು ಯಾರು ಎಂಬುದನ್ನು ಮಾತ್ರ ಮೊದಲೇ ಕೇಳಿಸಿಬಿಡಿ. ಉಳಿದದ್ದೆಲ್ಲ ಆ ಮಾತಿನ ಹಿಂದೆಯೇ ಬರುತ್ತದೆ.